ಎಲೆ ಮತ್ತು ಕಾಂಡದಿಂದ ಮನೆಗಿಡಗಳನ್ನು ಗುರುತಿಸುವ ಕ್ರಮ: ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳ ಸಾರ್ವಜನಿಕರಿಗೆ ಮಾಹಿತಿ

ಮನೆಯ ಜಗಲಿ, ಅಂಗಳ ಹಾಗೂ ಕಿಟಕಿಯ ಪಕ್ಕದ ಕುಂಡಗಳಲ್ಲಿ ಬೆಳೆಸಲಾಗುವ ಗಿಡಗಳ ಪೈಕಿ ಅನೇಕವು ಹೆಸರಿಲ್ಲದೆ ಮನೆ ಸೇರಿದವುಗಳಾಗಿರುತ್ತವೆ. ನೆಂಟರ ಮನೆಯಿಂದ ಮುರಿದು ತಂದ ಕಡ್ಡಿ, ಸಂತೆಯಲ್ಲಿ ಕೊಂಡ ಸಸಿ, ಗೃಹಪ್ರವೇಶದಲ್ಲಿ ಬಂದ ಉಡುಗೊರೆ, ಹಕ್ಕಿ ಹಾಕಿದ ಬೀಜದಿಂದ ತಾನಾಗಿ ಮೊಳೆತ ಗಿಡ, ಹೀಗೆ ಬಂದ ಗಿಡದ ಗುಣದೋಷಗಳು ಮನೆಯವರಿಗೆ ತಿಳಿದಿರುವುದಿಲ್ಲ. ಗಿಡವು ಕೇವಲ ಅಲಂಕಾರಕ್ಕಿರುವವರೆಗೆ ಇದರಿಂದ ಹೆಚ್ಚಿನ ತೊಂದರೆಯಿಲ್ಲ. ಆದರೆ ಅದರ ಎಲೆಯನ್ನು ಔಷಧಿಯೆಂದು ಕಷಾಯಕ್ಕೆ ಹಾಕಿದಾಗ, ಅಡುಗೆಗೆ ಬಳಸಿದಾಗ, ಮಗು ಬಾಯಿಗಿಟ್ಟುಕೊಂಡಾಗ ಅಥವಾ ಮೇಕೆ, ಕರು ಮೇಯ್ದಾಗ ಆ ಗಿಡ ಯಾವುದೆಂಬ ಪ್ರಶ್ನೆ ತುರ್ತಿನದಾಗುತ್ತದೆ.

ಸಸ್ಯಶಾಸ್ತ್ರದಲ್ಲಿ ಗಿಡಗಳ ವರ್ಗೀಕರಣವು ಮುಖ್ಯವಾಗಿ ಹೂವನ್ನು ಆಧರಿಸಿ ಬೆಳೆದುಬಂದಿದೆ. ಸ್ವೀಡನ್ನಿನ ಲಿನ್ನೇಯಸ್ 1753ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಕೇಸರ, ಶಲಾಕೆಗಳ ಎಣಿಕೆಯೇ ವಿಂಗಡಣೆಗೆ ಆಧಾರವಾಗಿತ್ತು. ಕರ್ನಾಟಕದ ಸಸ್ಯಸಂಪತ್ತನ್ನು ಕುರಿತು ಸಿ.ಜೆ. ಸಲ್ಡಾನ್ಹಾ ಅವರು ಸಿದ್ಧಪಡಿಸಿ 1984 ಮತ್ತು 1996ರಲ್ಲಿ ಹೊರಬಂದ ಸಂಪುಟಗಳನ್ನು ಬಳಸುವವರಿಗೂ ಹೂವು ಕೈಯಲ್ಲಿದ್ದರೆ ಕೆಲಸ ಸುಲಭ. ಕುಂಡದ ಗಿಡಗಳಾದರೋ ಮನೆಯೊಳಗೆ ಹೂ ಬಿಡುವುದು ಅಪರೂಪ. ಮನಿಪ್ಲಾಂಟ್ ಇದಕ್ಕೆ ಅತ್ಯುತ್ತಮ ಉದಾಹರಣೆ. ಪೆಸಿಫಿಕ್ ಸಾಗರದ ಮೂರಿಯಾ ದ್ವೀಪದ ಮೂಲದ ಈ ಬಳ್ಳಿಯು ಹೂ ಬಿಡಲು ಅವಶ್ಯವಾದ ಜಿಬ್ಬರೆಲಿನ್ ಎಂಬ ಹಾರ್ಮೋನನ್ನು ಸಾಕಷ್ಟು ತಯಾರಿಸಲಾರದು ಎಂದು 2016ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಹೂವು ಸಿಗದ ಕಾರಣ ವಿಜ್ಞಾನಿಗಳೂ ಇದನ್ನು ಒಂದು ಕುಲದಿಂದ ಇನ್ನೊಂದಕ್ಕೆ ಹಲವು ಬಾರಿ ವರ್ಗಾಯಿಸಿರುತ್ತಾರೆ. ಆದುದರಿಂದ ಸಾರ್ವಜನಿಕರು ಗಿಡದ ಹೆಸರು ತಿಳಿಯದೆ ಇರುವುದಕ್ಕೆ ಸಂಕೋಚಪಡಬೇಕಾಗಿಲ್ಲ. ಎಲೆ ಮತ್ತು ಕಾಂಡವನ್ನು ಕ್ರಮವಾಗಿ ಪರಿಶೀಲಿಸಿದಲ್ಲಿ ಬಹುತೇಕ ಮನೆಗಿಡಗಳ ಕುಟುಂಬವನ್ನಾದರೂ ನಿರ್ಧರಿಸಬಹುದು.

ಪರಿಶೀಲನೆಯ ಕ್ರಮ

ಮೊದಲನೆಯದಾಗಿ, ಎಲೆ ಎಂದರೆ ಯಾವುದು ಎಂಬುದನ್ನು ನಿಶ್ಚಯಿಸಿಕೊಳ್ಳತಕ್ಕದ್ದು. ಎಲೆಯ ತೊಟ್ಟು ಕಾಂಡವನ್ನು ಸೇರುವ ಕಂಕುಳಿನಲ್ಲಿ ಒಂದು ಮೊಗ್ಗು ಇರುತ್ತದೆ. ಮೊಗ್ಗು ಇರುವಲ್ಲಿಂದ ತುದಿಯವರೆಗಿನ ಭಾಗವೆಲ್ಲ ಒಂದೇ ಎಲೆ. ಕರಿಬೇವಿನ ಒಂದು ಎಸಳಿನಲ್ಲಿ ಇಪ್ಪತ್ತು ಚಿಕ್ಕ ಎಲೆಗಳು ಕಂಡರೂ ಅವುಗಳ ಬುಡದಲ್ಲಿ ಮೊಗ್ಗು ಇರುವುದಿಲ್ಲವಾದ್ದರಿಂದ ಅವು ಕಿರುಎಲೆಗಳು. ಎಸಳು ಪೂರ್ತಿ ಒಂದು ಸಂಯುಕ್ತ ಎಲೆ. ಬೇವಿನ ಸಸಿಯೂ ಹೀಗೆಯೇ. ತಾನಾಗಿ ಹುಟ್ಟಿದ ಬೇವಿನ ಸಸಿಯನ್ನು ಕರಿಬೇವೆಂದು ನೀರೆರೆದು ಸಾಕಿದವರು ಪ್ರತಿ ಊರಿನಲ್ಲೂ ಸಿಗುತ್ತಾರೆ. ಬೇವಿನ ಕಿರುಎಲೆಯ ಅಂಚು ಗರಗಸದಂತಿದ್ದು ಎರಡು ಪಾರ್ಶ್ವಗಳು ಅಸಮವಾಗಿರುತ್ತವೆ. ಹಿಸುಕಿದರೆ ಕರಿಬೇವಿನ ಪರಿಮಳ ಬರುವುದಿಲ್ಲ. ಇತ್ತೀಚಿನ ವರ್ಷಗಳಲ್ಲಿ ಕಛೇರಿ, ಬ್ಯಾಂಕುಗಳಲ್ಲಿ ಕಾಣುವ ಜೆಡ್‌ಜೆಡ್ ಗಿಡದಲ್ಲಿ ಮಣ್ಣಿನಿಂದ ನೇರವಾಗಿ ಮೇಲೇಳುವ ದಪ್ಪ ಕಡ್ಡಿಗಳು ಕಾಂಡವೆಂದು ತೋರುತ್ತವೆಯಾದರೂ ಅವು ವಾಸ್ತವವಾಗಿ ಎಲೆಗಳು. ಕಾಂಡವು ಮಣ್ಣಿನೊಳಗೆ ಗೆಡ್ಡೆಯಾಗಿ ಅಡಗಿರುತ್ತದೆ.

ಎರಡನೆಯದಾಗಿ ಎಲೆಗಳ ಜೋಡಣೆ. ಒಂದು ಗೆಣ್ಣಿನಲ್ಲಿ ಒಂದೇ ಎಲೆ ಇದ್ದರೆ ಪರ್ಯಾಯ ಜೋಡಣೆ. ಎದುರುಬದುರಾಗಿ ಎರಡಿದ್ದರೆ ಅಭಿಮುಖ ಜೋಡಣೆ. ಮೂರು ಅಥವಾ ಹೆಚ್ಚಿದ್ದರೆ ಸುತ್ತು ಜೋಡಣೆ. ಈ ಒಂದೇ ಲಕ್ಷಣದಿಂದ ಕಣಗಿಲೆ ಮತ್ತು ಹಳದಿ ಕಣಗಿಲೆಗಳನ್ನು ಹೂವಿಲ್ಲದೆ ಬೇರ್ಪಡಿಸಬಹುದು. ಪೂಜೆಗೆ ಬಳಸುವ ಕೆಂಪು, ಬಿಳಿ ಕಣಗಿಲೆಯಲ್ಲಿ ಸಾಮಾನ್ಯವಾಗಿ ಗೆಣ್ಣಿಗೆ ಮೂರರಂತೆ ಎಲೆಗಳು ಸುತ್ತಲೂ ಇರುತ್ತವೆ ಮತ್ತು ನಡುನರದಿಂದ ಹೊರಡುವ ಅಡ್ಡನರಗಳು ಬಾಚಣಿಗೆಯ ಹಲ್ಲಿನಂತೆ ಒತ್ತೊತ್ತಾಗಿ ಕಾಣುತ್ತವೆ. ಹಳದಿ ಕಣಗಿಲೆಯ ಎಲೆಗಳು ಒಂದೊಂದಾಗಿ ಕಾಂಡವನ್ನು ಸುರುಳಿಯಾಗಿ ಸುತ್ತಿ ಏರುತ್ತವೆ. ಮುರಿದರೆ ಬಿಳಿ ಹಾಲು ಸುರಿಯುತ್ತದೆ. ಎರಡೂ ಹೃದಯದ ಬಡಿತವನ್ನು ಏರುಪೇರು ಮಾಡುವ ವಿಷವನ್ನು ಹೊಂದಿವೆ. ಕಣಗಿಲೆಯ ಕತ್ತರಿಸಿದ ರೆಂಬೆಗಳನ್ನು ಜಾನುವಾರುಗಳ ಮುಂದೆ ಎಸೆಯಬಾರದು. ಒಣಗಿದ ಎಲೆಯಲ್ಲಿಯೂ ವಿಷ ಉಳಿದಿರುತ್ತದೆ.

ಮೂರನೆಯದಾಗಿ ಕಾಂಡ. ಬೆರಳುಗಳ ನಡುವೆ ಹಿಡಿದು ಉರುಳಿಸಿ ನೋಡಬೇಕು. ತುಳಸಿ, ದೊಡ್ಡಪತ್ರೆ, ಪುದೀನ, ಬಣ್ಣದೆಲೆಯ ಕೋಲಿಯಸ್ ಇವುಗಳ ಎಳೆಯ ಕಾಂಡ ಉರುಳದೆ ನಾಲ್ಕು ಮೂಲೆಗಳನ್ನು ತೋರಿಸುತ್ತದೆ, ಎಲೆಗಳು ಎದುರುಬದುರಾಗಿರುತ್ತವೆ ಮತ್ತು ಹೆಚ್ಚಿನವುಗಳಿಗೆ ಸುವಾಸನೆಯಿರುತ್ತದೆ. ಆದರೆ ಚೌಕ ಕಾಂಡವೊಂದರಿಂದಲೇ ತೀರ್ಮಾನಿಸಲಾಗದು. ಬೇಲಿಯಲ್ಲಿ ಹಬ್ಬುವ ಲಂಟಾನದ ಕಾಂಡವೂ ಚೌಕವಾಗಿದ್ದು ಎಲೆಗಳು ಅಭಿಮುಖವಾಗಿಯೇ ಇರುತ್ತವೆ. ಕಾಂಡದ ಮೇಲಿನ ಚಿಕ್ಕ ಮುಳ್ಳು ಮತ್ತು ಎಲೆಯ ಒರಟುತನದಿಂದ ಅದನ್ನು ಪ್ರತ್ಯೇಕಿಸಬೇಕು. ಕಾಂಡದ ಮೇಲೆ ಉದುರಿದ ಎಲೆಗಳ ಗುರುತು ಬಳೆಯಂತೆ ಪೂರ್ತಿ ಸುತ್ತಿದೆಯೇ, ಗೆಣ್ಣು ಉಬ್ಬಿದೆಯೇ, ಗೆಣ್ಣಿನಿಂದ ಬೇರು ಹೊರಟಿದೆಯೇ, ಒಳಗೆ ಪೊಳ್ಳೋ ಗಟ್ಟಿಯೋ ಎಂಬುದನ್ನೂ ಗಮನಿಸತಕ್ಕದ್ದು. ಅದೃಷ್ಟದ ಬಿದಿರು ಎಂದು ಮಾರಾಟವಾಗುವ ಗಿಡದ ಕಾಂಡದ ಒಳಗೆ ಪೊಳ್ಳಿಲ್ಲ. ಅದು ಬಿದಿರಲ್ಲ, ಡ್ರಸೀನಾ ಕುಲಕ್ಕೆ ಸೇರಿದ್ದು.

ನಾಲ್ಕನೆಯದು ಸೊನೆ. ಒಂದು ಎಲೆಯನ್ನು ತೊಟ್ಟಿನ ಬಳಿ ಮುರಿದು ಒಸರುವ ರಸ ನೀರಿನಂತಿದೆಯೇ, ಲೋಳೆಯೇ, ಬಿಳಿ ಹಾಲೇ ಎಂದು ನೋಡಬೇಕು. ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಮುರಿಯುವುದು ಮತ್ತು ಅನಂತರ ಕೈ ತೊಳೆಯುವುದು ಕಡ್ಡಾಯ. ಹಿಸುಕಿದ ಎಲೆಯ ವಾಸನೆ ನೋಡಬಹುದು. ರುಚಿ ನೋಡಿ ಗುರುತಿಸುವ ಹಳೆಯ ಅಭ್ಯಾಸವನ್ನು ಯಾವ ಕಾರಣಕ್ಕೂ ಅನುಸರಿಸಬಾರದು.

ಬಣ್ಣವನ್ನು ಎಲ್ಲಕ್ಕಿಂತ ಕೊನೆಗೆ ಪರಿಗಣಿಸುವುದು ಸೂಕ್ತ. ಸಾರ್ವಜನಿಕರು ಸಾಮಾನ್ಯವಾಗಿ ಮೊದಲು ಹೇಳುವುದು ಬಣ್ಣವನ್ನೇ, ಆದರೆ ಅತ್ಯಂತ ಬೇಗ ಮೋಸಮಾಡುವುದೂ ಅದೇ. ಬಿಳಿ, ಹಳದಿ ಮಚ್ಚೆಯ ಎಲೆಗಳ ಗಿಡವು ನೆರಳಿನಲ್ಲಿ ಪೂರ್ತಿ ಹಸಿರಾಗಬಹುದು. ಕ್ರೋಟನ್ ಗಿಡದ ಒಂದೇ ರೆಂಬೆಯಲ್ಲಿ ಕೆಂಪು, ಹಳದಿ, ಹಸಿರು ಎಲೆಗಳಿರುತ್ತವೆ.

ವೀಳ್ಯದೆಲೆ ಮತ್ತು ಮನಿಪ್ಲಾಂಟ್

ಭದ್ರಾ ನಾಲೆ ಹಾಗೂ ಸೂಳೆಕೆರೆಯ ನೀರಿನಿಂದ ಅಡಿಕೆ ತೋಟಗಳು ಬೆಳೆದಿರುವ ಚನ್ನಗಿರಿ ಭಾಗದಲ್ಲಿ ಮರಕ್ಕೆ ಹಬ್ಬಿದ ಬಳ್ಳಿಯೆಂದರೆ ವೀಳ್ಯದೆಲೆ ಅಥವಾ ಕಾಳುಮೆಣಸು ಎಂಬ ಭಾವನೆ ಸಹಜ. ಮನೆಯ ಹಿತ್ತಲಿನಲ್ಲಿ ಮನಿಪ್ಲಾಂಟ್ ಸಹ ಅದೇ ಮರಗಳನ್ನು ಏರುತ್ತದೆ. ಮೂರೂ ಹೃದಯಾಕಾರದ ಎಲೆಯುಳ್ಳವು, ಮೂರೂ ಗೆಣ್ಣಿನಿಂದ ಬೇರು ಬಿಡುವವು. ವ್ಯತ್ಯಾಸ ತಿಳಿಯಲು ಎಲೆಯನ್ನು ಬೆಳಕಿಗೆ ಹಿಡಿದು ನರಗಳನ್ನು ನೋಡಬೇಕು. ವೀಳ್ಯದೆಲೆ ಮತ್ತು ಮೆಣಸಿನ ಎಲೆಯಲ್ಲಿ ಬುಡದ ಸಮೀಪದಿಂದಲೇ ಐದರಿಂದ ಏಳು ಮುಖ್ಯ ನರಗಳು ಹೊರಟು ತುದಿಯ ಕಡೆಗೆ ಬಾಗುತ್ತವೆ. ಮನಿಪ್ಲಾಂಟಿನಲ್ಲಿ ನಡುವೆ ಒಂದೇ ದಪ್ಪ ನರವಿದ್ದು ಅದರಿಂದ ಸಣ್ಣ ನರಗಳು ಎರಡೂ ಬದಿಗೆ ಸಾಲಾಗಿ ಹರಡುತ್ತವೆ. ವೀಳ್ಯದೆಲೆಯ ಗೆಣ್ಣು ಸ್ಪಷ್ಟವಾಗಿ ಉಬ್ಬಿರುತ್ತದೆ. ಮನಿಪ್ಲಾಂಟಿನ ತೊಟ್ಟಿನಲ್ಲಿ ಕಾಲುವೆಯಂತಹ ತಗ್ಗು ಇದ್ದು, ಹೊಸ ಎಲೆಯು ಹಿಂದಿನ ಎಲೆಯ ತೊಟ್ಟಿನ ಒರೆಯೊಳಗಿಂದ ಸುರುಳಿಯಾಗಿ ಹೊರಬರುತ್ತದೆ. ಹಿಸುಕಿದಾಗ ವೀಳ್ಯದ ಘಾಟು ಮನಿಪ್ಲಾಂಟಿನಲ್ಲಿ ಇಲ್ಲವೇ ಇಲ್ಲ.

ಇನ್ನೊಂದು ವಿಷಯವೂ ಗಮನಾರ್ಹ. ಕುಂಡದಲ್ಲಿ ಅಂಗೈಯಷ್ಟಿರುವ ಮನಿಪ್ಲಾಂಟ್ ಎಲೆಯು ಮರವೇರಿದ ಮೇಲೆ ಮೊರದಗಲಕ್ಕೆ ಬೆಳೆದು ಅಂಚಿನಲ್ಲಿ ಸೀಳಿಕೊಳ್ಳುತ್ತದೆ. ಇದನ್ನು ಬೇರೆಯೇ ಗಿಡವೆಂದು ತಿಳಿಯುವವರಿದ್ದಾರೆ. ಬಳ್ಳಿಯ ಬುಡದವರೆಗೆ ಕಣ್ಣು ಹಾಯಿಸಿದರೆ ಸಂಶಯ ನಿವಾರಣೆಯಾಗುತ್ತದೆ.

ಮನಿಪ್ಲಾಂಟ್ ಕೆಸುವಿನ ಕುಟುಂಬಕ್ಕೆ ಸೇರಿದ್ದು. ಡೈಫೆನ್‌ಬಾಕಿಯಾ, ಅಗ್ಲೋನೀಮಾ, ಕ್ಯಾಲೇಡಿಯಂ, ಫಿಲೊಡೆಂಡ್ರಾನ್, ಮೇಲೆ ಹೇಳಿದ ಜೆಡ್‌ಜೆಡ್ ಗಿಡ ಇವೆಲ್ಲ ಅದೇ ಕುಟುಂಬದವು. ಇವುಗಳ ಜೀವಕೋಶಗಳಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಕ್ಷ್ಮ ಹರಳುಗಳಿದ್ದು, ಹಲವುಗಳಲ್ಲಿ ಅವು ಸೂಜಿಗಳ ಕಟ್ಟಿನಂತಿರುತ್ತವೆ. ಅಗಿದಾಗ ನಾಲಿಗೆ, ತುಟಿ, ಗಂಟಲಿಗೆ ಚುಚ್ಚಿ ಉರಿ ಮತ್ತು ಊತ ಉಂಟಾಗುತ್ತದೆ. ಡೈಫೆನ್‌ಬಾಕಿಯಾ ಈ ಗುಂಪಿನಲ್ಲಿ ಹೆಚ್ಚು ಎಚ್ಚರಿಕೆ ಬಯಸುವ ಗಿಡ. ಬೆರಳು ಗಾತ್ರಕ್ಕಿಂತ ದಪ್ಪನಾದ, ರಸಭರಿತ, ಬಳೆಗುರುತುಗಳುಳ್ಳ ನೆಟ್ಟನೆಯ ಕಾಂಡ, ಕಾಂಡವನ್ನು ತಬ್ಬಿದ ತೊಟ್ಟು, ಕೆನೆಬಣ್ಣದ ಚುಕ್ಕೆಗಳ ಅಗಲ ಎಲೆ ಇವು ಅದರ ಲಕ್ಷಣಗಳು. ಅಗಿದವರಿಗೆ ನಾಲಿಗೆ ಊದಿಕೊಂಡು ಕೆಲಕಾಲ ಮಾತು ಹೊರಡದಿರಬಹುದು. ಮಗು ಎಲೆಯನ್ನು ಅಗಿದಿದ್ದಲ್ಲಿ ಬಾಯಲ್ಲಿ ಉಳಿದಿರುವುದನ್ನು ತೆಗೆದು, ನೀರಿನಿಂದ ಬಾಯಿ ತೊಳೆಸಿ, ತಣ್ಣನೆಯ ಹಾಲು ಅಥವಾ ನೀರನ್ನು ಗುಟುಕರಿಸಲು ಕೊಡಬಹುದು. ವಾಂತಿ ಮಾಡಿಸಬಾರದು. ಊತ ಹೆಚ್ಚುತ್ತಿದ್ದರೆ, ಜೊಲ್ಲು ಸುರಿಯುತ್ತಿದ್ದರೆ, ನುಂಗಲು ಅಥವಾ ಉಸಿರಾಡಲು ಕಷ್ಟವಾಗುತ್ತಿದ್ದರೆ ತಡಮಾಡದೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸಾಗಿಸತಕ್ಕದ್ದು. ಕಣಗಿಲೆಯನ್ನು ತಿಂದ ಸಂದರ್ಭದಲ್ಲಿ ಲಕ್ಷಣಗಳಿಗಾಗಿ ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಎರಡೂ ಸಂದರ್ಭಗಳಲ್ಲಿ ಗಿಡದ ಒಂದು ರೆಂಬೆಯನ್ನು ಚೀಲದಲ್ಲಿ ಜೊತೆಗೆ ಒಯ್ಯುವುದು ವೈದ್ಯರಿಗೆ ಅತ್ಯಂತ ಉಪಯುಕ್ತ.

ಮಲೆನಾಡಿನ ಸೆರಗಿನಲ್ಲಿರುವ ನ್ಯಾಮತಿ ಮತ್ತು ಹೊನ್ನಾಳಿ ಭಾಗಗಳಲ್ಲಿ ಪತ್ರೊಡೆ ಮುಂತಾದವುಗಳಿಗೆ ಕೆಸುವಿನ ಎಲೆಯನ್ನು ಬಳಸುವವರು ಅಲಂಕಾರದ ಗಿಡಗಳನ್ನು ಕೆಸುವಿನ ಪಕ್ಕದಲ್ಲಿ ಬೆಳೆಸಬಾರದು. ಕೆಸುವಿನಲ್ಲಿ ತೊಟ್ಟು ಎಲೆಯ ಅಂಚಿಗೆ ಸೇರದೆ ಸ್ವಲ್ಪ ಒಳಗೆ, ಛತ್ರಿಗೆ ಹಿಡಿ ಸೇರಿದಂತೆ, ಎಲೆಯ ತಳಭಾಗಕ್ಕೆ ಸೇರುತ್ತದೆ; ಎಲೆಯ ಮೇಲೆ ನೀರು ಮುತ್ತಾಗಿ ಉರುಳುತ್ತದೆ. ಆನೆಕಿವಿಯಂತಹ ದೊಡ್ಡ ಎಲೆಯ ಅಲೊಕೇಸಿಯಾದ ಬಲಿತ ಗಿಡದಲ್ಲಿ ಎಲೆಯ ಬುಡದ ಸೀಳು ತೊಟ್ಟಿನವರೆಗೆ ಬಂದಿರುತ್ತದೆ ಹಾಗೂ ಎಲೆಯ ತುದಿ ಹೆಚ್ಚಾಗಿ ಮೇಲ್ಮುಖವಾಗಿರುತ್ತದೆ. ಕ್ಯಾಲೇಡಿಯಂ ಎಲೆಯ ತೊಟ್ಟು ಕೆಸುವಿನಂತೆಯೇ ಒಳಗೆ ಸೇರಿರುವುದರಿಂದ ಈ ಲಕ್ಷಣವೊಂದೇ ಸಾಲದು. ಕೆಂಪು, ಗುಲಾಬಿ ಚುಕ್ಕೆಗಳಿರುವ ಎಲೆಯನ್ನು ಅಡುಗೆಗೆ ಮುಟ್ಟಲೇಬಾರದು. ಖಾದ್ಯ ಕೆಸುವಿನಲ್ಲೂ ಹರಳುಗಳಿವೆ. ಹುಣಸೆಹುಳಿ ಹಾಕಿ ಚೆನ್ನಾಗಿ ಬೇಯಿಸುವ ಹಿರಿಯರ ಪದ್ಧತಿ ಕಾರಣವಿಲ್ಲದ್ದಲ್ಲ.

ಅಮೃತಬಳ್ಳಿಯನ್ನು ಕುರಿತು ವಿಶೇಷ ಸೂಚನೆ

ಕೊರೊನಾ ಕಾಲದಲ್ಲಿ ಅನೇಕರು ರೋಗನಿರೋಧಕ ಶಕ್ತಿಗೆಂದು ಅಮೃತಬಳ್ಳಿಯ ಕಷಾಯವನ್ನು ಸೇವಿಸಿದರು. 2021ರಲ್ಲಿ ಮುಂಬಯಿಯ ವೈದ್ಯರು ಈ ಬಳ್ಳಿಯನ್ನು ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ಹಾನಿಯಾದುದನ್ನು ವೈದ್ಯಕೀಯ ಪತ್ರಿಕೆಯಲ್ಲಿ ವರದಿ ಮಾಡಿದರು. ಕೇಂದ್ರ ಆಯುಷ್ ಸಚಿವಾಲಯವು ಅದನ್ನು ಒಪ್ಪದೆ, ಅಮೃತಬಳ್ಳಿಯ ಬದಲು ಅದೇ ಕುಲದ ಟಿನೋಸ್ಪೋರಾ ಕ್ರಿಸ್ಪಾ ಎಂಬ ಬೇರೆ ಬಳ್ಳಿಯ ಬಳಕೆಯಾಗಿರುವ ಸಾಧ್ಯತೆಯನ್ನು ಮುಂದಿಟ್ಟು, ಎರಡರ ವ್ಯತ್ಯಾಸಗಳನ್ನು ಪ್ರಕಟಿಸಿತು. ವೈದ್ಯರ ಮತ್ತು ಸಚಿವಾಲಯದ ನಡುವಿನ ಭಿನ್ನಾಭಿಪ್ರಾಯ ಏನೇ ಇರಲಿ, ಬಳ್ಳಿಯನ್ನು ಸರಿಯಾಗಿ ಗುರುತಿಸದೆ ಸೇವಿಸಬಾರದೆಂಬುದು ಎರಡು ಕಡೆಯಿಂದಲೂ ಸ್ಪಷ್ಟವಾಗುತ್ತದೆ.

ಸಚಿವಾಲಯದ ವಿವರಣೆಯಂತೆ ಅಮೃತಬಳ್ಳಿಯ ಕಾಂಡ ಹಸಿರು, ಅದರ ಮೇಲೆ ಗಂಟುಗಳಿರುವುದಿಲ್ಲ, ಕತ್ತರಿಸಿದಾಗ ಹಾಲಿನಂತಹ ರಸ ಬರುವುದಿಲ್ಲ. ಕ್ರಿಸ್ಪಾ ಬಳ್ಳಿಯ ಕಾಂಡ ಬೂದುಬಣ್ಣದ್ದಾಗಿದ್ದು ಒತ್ತೊತ್ತಾಗಿ ಗಂಟುಗಳಿರುತ್ತವೆ, ಹಾಲಿನಂತಹ ರಸ ಒಸರುತ್ತದೆ. ಹಣ್ಣಿದ್ದರೆ ಅಮೃತಬಳ್ಳಿಯದು ಗುಂಡಗೆ ಕೆಂಪು. ಇನ್ನೊಂದರದು ಉದ್ದುಂಡಗೆ, ಕಿತ್ತಳೆ ಬಣ್ಣ. ಎಲೆ ಮಾತ್ರ ಎರಡರಲ್ಲೂ ಹೃದಯಾಕಾರದ್ದೇ ಆಗಿರುವುದರಿಂದ ಎಲೆಯನ್ನು ನಂಬಿ ಬಳ್ಳಿಯನ್ನು ತರುವಂತಿಲ್ಲ. ಇಲ್ಲಿ ಕಾಂಡವೇ ಪ್ರಮಾಣ. ಅಮೃತಬಳ್ಳಿಯ ಹಳೆಯ ಕಾಂಡದ ಮೇಲೂ ಗಾಳಿಯಾಡುವ ಚಿಕ್ಕ ಚುಕ್ಕೆಗಳು ಎದ್ದು ಕಾಣುವುದುಂಟು. ಗಂಟಿಗೂ ಚುಕ್ಕೆಗೂ ವ್ಯತ್ಯಾಸ ತಿಳಿಯದಿದ್ದಲ್ಲಿ ಆಯುಷ್ ವೈದ್ಯರಿಗೆ ಕಾಂಡವನ್ನೇ ತೋರಿಸತಕ್ಕದ್ದು. ಯಕೃತ್ತಿನ ಕಾಯಿಲೆ ಇರುವವರು ಸರಿಯಾದ ಬಳ್ಳಿಯನ್ನೂ ವೈದ್ಯರನ್ನು ಕೇಳದೆ ಸೇವಿಸಬಾರದು.

ಇನ್ಸುಲಿನ್ ಗಿಡ ಎಂದು ಕುಂಡಗಳಲ್ಲಿ ಬೆಳೆಸಲಾಗುವ ಕಾಸ್ಟಸ್ ಜಾತಿಯ ಗಿಡಕ್ಕೂ ಇದೇ ಮಾತು ಅನ್ವಯಿಸುತ್ತದೆ. ಶುಂಠಿ, ಅರಿಶಿನಗಳಲ್ಲಿ ಎಲೆಗಳು ಎರಡು ಸಾಲಿನಲ್ಲಿ ಎಡ, ಬಲವಾಗಿ ಜೋಡಿಸಿರುತ್ತವೆ. ಕಾಸ್ಟಸ್‌ನಲ್ಲಿ ಅವು ಸುರುಳಿ ಮೆಟ್ಟಿಲಿನಂತೆ ಕಾಂಡವನ್ನು ಸುತ್ತಿ ಏರುತ್ತವೆ. ಗಿಡದ ಹೆಸರು ಇನ್ಸುಲಿನ್ ಎಂದಿದ್ದರೂ ಅದು ಇನ್ಸುಲಿನ್ ಔಷಧಿಗೆ ಬದಲಿಯಲ್ಲ. ಎಲೆ ತಿನ್ನುತ್ತಿರುವ ಕಾರಣದಿಂದ ಮಧುಮೇಹದ ಮಾತ್ರೆ, ಚುಚ್ಚುಮದ್ದುಗಳನ್ನು ನಿಲ್ಲಿಸುವುದು ಪ್ರಾಣಾಪಾಯಕಾರಿ.

ಒಣಪ್ರದೇಶದ ಗಿಡಗಳು

ಜಗಳೂರು ತಾಲ್ಲೂಕಿನಂತಹ ಕಡಿಮೆ ಮಳೆಯ ಪ್ರದೇಶದ ಮನೆಗಳಲ್ಲಿ ನೀರು ಹೆಚ್ಚು ಬೇಡದ ದಪ್ಪ ಎಲೆಯ ಗಿಡಗಳೇ ಬದುಕುತ್ತವೆ. ಇವುಗಳಲ್ಲಿ ಲೋಳೆಸರ ಮತ್ತು ಎಳೆಯ ಕತ್ತಾಳೆಯ ನಡುವೆ ಗೊಂದಲವಾಗುವುದುಂಟು. ಹೊಲದ ಬದುವಿನಲ್ಲಿ ಕತ್ತಾಳೆಯನ್ನು ಕಂಡು ಬೆಳೆದವರಿಗೆ ಬಲಿತ ಗಿಡದಲ್ಲಿ ಸಂಶಯ ಬಾರದು, ಕುಂಡದಲ್ಲಿರುವ ಗೇಣುದ್ದದ ಸಸಿಯಲ್ಲಿ ಬರುತ್ತದೆ. ಒಂದು ಎಲೆಯನ್ನು ಅಡ್ಡ ಕತ್ತರಿಸಿ ನೋಡಿದಾಗ ಲೋಳೆಸರದಲ್ಲಿ ಪಾರದರ್ಶಕ ಲೋಳೆ ಇಡಿಯಾಗಿ ಹೊರಬರುತ್ತದೆ, ಸಿಪ್ಪೆಯ ಕೆಳಗಿನಿಂದ ಹಳದಿ ಕಹಿರಸ ಒಸರುತ್ತದೆ. ಕತ್ತಾಳೆಯಲ್ಲಿ ಎಳೆದರೆ ಹರಿಯದ ನಾರುಗಳಿರುತ್ತವೆ, ಎಲೆಯ ತುದಿಯಲ್ಲಿ ಗಟ್ಟಿಯಾದ ಸೂಜಿಮುಳ್ಳಿರುತ್ತದೆ. ಕತ್ತಾಳೆಯ ರಸ ಚರ್ಮಕ್ಕೆ ತಗುಲಿದರೆ ತುರಿಕೆ, ಬೊಬ್ಬೆ ಬರಬಹುದು. ಅದನ್ನು ಮುಖಕ್ಕೆ ಹಚ್ಚುವುದಾಗಲಿ ಕುಡಿಯುವುದಾಗಲಿ ಸಲ್ಲದು. ಲೋಳೆಸರದ ಹಳದಿ ರಸವೂ ಭೇದಿಯನ್ನುಂಟುಮಾಡುತ್ತದೆ.

ಮುಳ್ಳಿರುವುದೆಲ್ಲ ಒಂದೇ ಎಂದು ಭಾವಿಸುವುದೂ ಸರಿಯಲ್ಲ. ಪಾಪಾಸುಕಳ್ಳಿ ಹಾಗೂ ನರ್ಸರಿಗಳಲ್ಲಿ ದೊರೆಯುವ ಕ್ಯಾಕ್ಟಸ್‌ಗಳಲ್ಲಿ ಮುಳ್ಳುಗಳು ಹತ್ತಿಯಂತಹ ಚಿಕ್ಕ ಗದ್ದುಗೆಯಿಂದ ಗೊಂಚಲಾಗಿ ಹುಟ್ಟುತ್ತವೆ. ಎಲೆಗಳ್ಳಿ, ಚದುರಗಳ್ಳಿಗಳಲ್ಲಿ ಮುಳ್ಳುಗಳು ಜೋಡಿಜೋಡಿಯಾಗಿದ್ದು ಗಾಯವಾದೊಡನೆ ಬಿಳಿ ಹಾಲು ಉಕ್ಕುತ್ತದೆ. ಕಳ್ಳಿಹಾಲು ಕಣ್ಣಿಗೆ ಬಿದ್ದರೆ ತೀವ್ರ ಉರಿಯೊಡನೆ ದೃಷ್ಟಿ ಮಂಜಾಗಬಹುದು. ಕೂಡಲೇ ಹರಿಯುವ ಶುದ್ಧ ನೀರಿನಿಂದ ಕನಿಷ್ಠ 15 ನಿಮಿಷ ತೊಳೆದು ಕಣ್ಣಿನ ವೈದ್ಯರಲ್ಲಿಗೆ ಹೋಗತಕ್ಕದ್ದು. ಬುಡ ಊದಿಕೊಂಡ, ಗುಲಾಬಿ ಹೂವಿನ ಅಡೇನಿಯಂ ಗಿಡವು ಕಣಗಿಲೆಯ ಕುಟುಂಬದ್ದು. ಅದರ ಜಾತಿಗಳ ಸೊನೆಯನ್ನು ಆಫ್ರಿಕಾದಲ್ಲಿ ಬಾಣದ ತುದಿಗೆ ವಿಷವಾಗಿ ಬಳಸುತ್ತಿದ್ದರೆಂಬುದನ್ನು ನೆನಪಿನಲ್ಲಿಟ್ಟು ಕತ್ತರಿಸಬೇಕು.

ಅರೆಕಾ ಪಾಮ್ ಅಡಿಕೆಯಲ್ಲ

ಅಲಂಕಾರಕ್ಕಾಗಿ ಮಾರಾಟವಾಗುವ ಅರೆಕಾ ಪಾಮ್ ಮಡಗಾಸ್ಕರ್ ಮೂಲದ ಬೇರೆ ಜಾತಿ. ಅರೆಕಾ ಎಂಬ ಹೆಸರೇನೋ ಅಡಿಕೆಗೆ ಸಂಬಂಧಿಸಿದ ಮಲಯಾಳದ ಪದದಿಂದ ಪೋರ್ಚುಗೀಸರ ಮೂಲಕ ಯುರೋಪಿಗೆ ಹೋದದ್ದು. ಈ ಗಿಡಕ್ಕೆ ಅದು ಹೋಲಿಕೆಯಿಂದ ಅಂಟಿಕೊಂಡಿದೆ. ಒಂದೇ ಬುಡದಿಂದ ಹಲವು ತೆಳುಕಾಂಡಗಳು ಗುಂಪಾಗಿ ಏಳುತ್ತವೆ, ತೊಟ್ಟುಗಳು ಹಳದಿಯಾಗಿರುತ್ತವೆ. ಅಡಿಕೆಗೆ ಒಂದೇ ಕಾಂಡ. ಸಸಿಯ ಮೊದಲ ಎಲೆಗಳು ಎರಡಾಗಿ ಸೀಳಿದಂತಿರುತ್ತವೆ. ಚನ್ನಗಿರಿಯ ಬೆಳೆಗಾರರಿಗೆ ಇದನ್ನು ಹೇಳುವ ಅಗತ್ಯವಿಲ್ಲ. ಹೊಸದಾಗಿ ಸಸಿ ಕೊಳ್ಳುವವರು ಮಾತ್ರ ಹೆಸರನ್ನಷ್ಟೇ ನೋಡಿ ಮೋಸಹೋಗದಿರಲಿ.

ಮಾದರಿಯನ್ನು ತರುವ ವಿಧಾನ

ಮೊಬೈಲ್ ಫೋನಿನ ಚಿತ್ರದಿಂದ ಗಿಡವನ್ನು ಗುರುತಿಸುವ ಸೌಲಭ್ಯಗಳು ಈಗ ಉಚಿತವಾಗಿ ದೊರೆಯುತ್ತಿದ್ದು, ಹೆಸರನ್ನು ಊಹಿಸಲು ಅವು ನೆರವಾಗುತ್ತವೆ. ಒಂದು ಎಲೆಯ ಚಿತ್ರದ ಬದಲು ಇಡೀ ಗಿಡ, ಎಲೆಯ ಹಿಂಬದಿ, ತೊಟ್ಟು ಕಾಂಡಕ್ಕೆ ಸೇರುವ ಸ್ಥಳ ಇವುಗಳ ಪ್ರತ್ಯೇಕ ಚಿತ್ರಗಳನ್ನು ತೆಗೆದಲ್ಲಿ ಉತ್ತರ ಹೆಚ್ಚು ವಿಶ್ವಾಸಾರ್ಹ. ಆದರೂ ಸೇವನೆಗೆ ಅಥವಾ ಚಿಕಿತ್ಸೆಗೆ ಸಂಬಂಧಿಸಿದ ನಿರ್ಧಾರವನ್ನು ಅಂತಹ ಉತ್ತರದ ಆಧಾರದ ಮೇಲೆ ಕೈಗೊಳ್ಳಬಾರದು. ವಾಸನೆ, ಸೊನೆ, ಕಾಂಡದ ಮೂಲೆಗಳು ಚಿತ್ರದಲ್ಲಿ ಬರುವುದಿಲ್ಲ.

ತೋಟಗಾರಿಕೆ ಕಛೇರಿ, ಕೃಷಿ ವಿಜ್ಞಾನ ಕೇಂದ್ರ ಅಥವಾ ಕಾಲೇಜಿನ ಸಸ್ಯಶಾಸ್ತ್ರ ವಿಭಾಗದಲ್ಲಿ ಸಲಹೆ ಕೋರುವವರು ಬಿಡಿ ಎಲೆಯನ್ನು ತರುವುದರಿಂದ ಪ್ರಯೋಜನ ಕಡಿಮೆ. ಕನಿಷ್ಠ ಮೂರು ಗೆಣ್ಣುಗಳಿರುವ, ಎಳೆಯ ಮತ್ತು ಬಲಿತ ಎಲೆಗಳೆರಡೂ ಇರುವ, ಸುಮಾರು ಒಂದು ಅಡಿ ಉದ್ದದ ರೆಂಬೆಯನ್ನು ಬೆಳಿಗ್ಗೆ ಕತ್ತರಿಸಿ, ಒದ್ದೆಯಾದ ಹಳೆಯ ಪತ್ರಿಕೆಯಲ್ಲಿ ಸುತ್ತಿ ಚೀಲದಲ್ಲಿಟ್ಟು ಅದೇ ದಿನ ತರತಕ್ಕದ್ದು. ಮರುದಿನ ಬರುವವರು ಎಲೆಗಳನ್ನು ಮಡಿಕೆಯಾಗದಂತೆ ಹರಡಿ, ಒಂದೆರಡು ಎಲೆಗಳ ಹಿಂಬದಿ ಕಾಣುವಂತೆ ತಿರುಗಿಸಿ, ಒಣ ಪತ್ರಿಕೆಗಳ ನಡುವೆ ಭಾರವಿಟ್ಟು ಒತ್ತಿ ತರಬಹುದು. ದಪ್ಪ ಎಲೆಯ ಗಿಡಗಳು ಹೀಗೆ ಒಣಗುವುದಿಲ್ಲವಾದ್ದರಿಂದ ಕುಂಡ ಸಹಿತ ತರುವುದು ಅಥವಾ ಚಿತ್ರ ತರುವುದು ಲೇಸು. ಗಿಡವು ಬಿಸಿಲಿನಲ್ಲಿತ್ತೇ ನೆರಳಿನಲ್ಲಿತ್ತೇ, ಎಷ್ಟು ಎತ್ತರ ಬೆಳೆದಿದೆ, ಎಲ್ಲಿಂದ ಬಂದಿತು, ಮುರಿದಾಗ ಯಾವ ಬಣ್ಣದ ರಸ ಬಂದಿತು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಜೊತೆಗಿಡಬೇಕು. ಕಛೇರಿಗೆ ಬರಲಾಗದವರು ಕಿಸಾನ್ ಕಾಲ್ ಸೆಂಟರಿನ 1800-180-1551 ಉಚಿತ ದೂರವಾಣಿಗೆ ಕರೆ ಮಾಡಿ ಕನ್ನಡದಲ್ಲಿಯೇ ಸಲಹೆ ಪಡೆಯಬಹುದು. ಕರೆ ಮಾಡುವ ಮೊದಲು ಗಿಡವನ್ನು ಎದುರಿಗಿಟ್ಟುಕೊಂಡಿರುವುದು ಒಳಿತು, ಏಕೆಂದರೆ ಎಲೆಗಳು ಎದುರುಬದುರಾಗಿವೆಯೇ ಎಂಬ ಪ್ರಶ್ನೆಗೆ ನೆನಪಿನಿಂದ ಉತ್ತರಿಸುವುದು ಕಷ್ಟ.